ಮಲಗಿಸದೆ ಬಿಟ್ಟ ತಳವಾರ

ನಂಬದೇ ಇರಿ, ನೋಡೋಣ! ಎಪ್ಪತ್ತೆರಡು ವರ್ಷಗಳಲ್ಲಿ ನಾನು ಹೇಳಿದ ಸುಳ್ಳುಗಳನ್ನೆಲ್ಲ ಜನ ಕಣ್ಣು ಮುಚ್ಚಿಕೊಂಡು ನಂಬಿದ್ದಾರೆ. ರೈಲ್ವೆ ಗಾರ್ಡ್ ಆಗಿದ್ದಾಗ, ಈ ಡಬ್ಬಿಯಲ್ಲಿ ಹಾಡಿದರೆ ದಂಡ ಬೀಳುತ್ತದೆ ಎಂದು ಹೇಳಿ ಒಂದು ಮದುವೆ ದಿಬ್ಬಣವನ್ನೇ ಅರಕ್ಕೋಣಂವರೆಗೆ ಬಾಯಿ ಮುಚ್ಚಿಸಿ ಕೂರಿಸಿದ್ದೆ. ವೆಸ್ಟ್ ಮಾಂಬಲಂನ ನಮ್ಮ ಎಂಟು ಮನೆಯ ಫ್ಲ್ಯಾಟಿನಲ್ಲಿ ಲಿಫ್ಟಿನ ಬಾಗಿಲಿಗೆ ‘ಇಂದು ಮೇಲಕ್ಕೆ ಮಾತ್ರ’ ಎಂದು ಚೀಟಿ ಅಂಟಿಸಿ, ಓದುಬರಹ ಬಲ್ಲ ಮೂರು ಜನರನ್ನು ಮೆಟ್ಟಿಲಲ್ಲಿ ಇಳಿಸಿದ್ದೇನೆ. ಇಂಥವನು ನಿಜ ಹೇಳಿದಾಗ ಮಾತ್ರ ಎಲ್ಲರಿಗೂ ಎಲ್ಲಿಲ್ಲದ ಬುದ್ಧಿ ಬಂದುಬಿಡುತ್ತದೆ. ಹೋದ ಡಿಸೆಂಬರಿನಲ್ಲಿ ನಡೆದದ್ದು ಅಂಥದೊಂದು ನಿಜ.

ನೆಲಮಹಡಿಯ ಫಿಲೋಮಿನಾ ಟೀಚರ್ ಕೋಲಾರದ ಕಡೆಯವರು. ಪ್ರತಿ ಕ್ರಿಸ್‌ಮಸ್ಸಿಗೂ ಮೆಟ್ಟಿಲ ಕೆಳಗೆ ಗೋದಲಿ ಕಟ್ಟುತ್ತಾರೆ. ಹುಲ್ಲಿನ ಮಾಡು, ಬಾಲಯೇಸು, ಮರಿಯಮ್ಮ, ಜೋಸೆಫ್, ದನ, ಕುರಿ, ಕುರಿ ಕಾಯುವ ಮೂವರು. ಆ ಮೂವರಲ್ಲಿ ಒಬ್ಬನನ್ನು ಈ ಸಲ ಹೆಗ್ಗಣ ಉರುಳಿಸಿ ಮುರಿದಿತ್ತು. ಟೀಚರ್ ನಮ್ಮ ಮನೆಗೆ ಹತ್ತಿ ಬಂದು ನನ್ನ ಹೆಂಡತಿಯನ್ನು ಕೇಳಿದರು: “ಶಾರದಕ್ಕಾ, ನಿಮ್ಮ ದಸರಾ ಬೊಂಬೇಲಿ ಕುರಿ ಕಾಯೋನು ಯಾರಾದ್ರೂ ಇದಾನಾ?”

“ಕುರಿ ಕಾಯೋನಿಲ್ಲ, ಟೀಚರೇ. ಊರು ಕಾಯೋನಿದಾನೆ.”

“ಬರ್ಲಿ ಬಿಡಿ. ಆ ಕುರಿ ಕಾಯೋರೂ ಯೇಸು ಹುಟ್ಟಿದ ರಾತ್ರಿ ಕಾವಲು ಕಾಯ್ತಾ ಇದ್ದೋರೇ ಅಲ್ವಾ?”

ಹೀಗೆ ನಮ್ಮ ತಳವಾರ ಬೆತ್ಲೆಹೇಮಿಗೆ ಹೋದ. ಗೇಣುದ್ದದ ಮಣ್ಣಿನ ಬೊಂಬೆ; ಶಾರದೆಯ ಅಜ್ಜಿಯ ಕಾಲದ್ದು. ಹಿಂದೆ ರಾತ್ರಿಯಿಡೀ ಊರು ಸುತ್ತುತ್ತಾ ‘ಹುಷಾರ್’ ಎಂದು ಕೂಗುತ್ತಿದ್ದರಲ್ಲ, ಆ ತಳವಾರ. ಮೈಮೇಲೆ ಕರಿಕಂಬಳಿ, ಒಂದು ಕೈಯಲ್ಲಿ ದೊಣ್ಣೆ, ಇನ್ನೊಂದರಲ್ಲಿ ಕಂದೀಲು. ಕಣ್ಣು ಬರೆದ ಪುಣ್ಯಾತ್ಮ ರೆಪ್ಪೆ ಬರೆಯುವುದನ್ನು ಮರೆತಿದ್ದ. ಹಾಗಾಗಿ ನೀವು ಎಲ್ಲಿ ನಿಂತರೂ ಅವನು ನಿಮ್ಮನ್ನೇ ನೋಡುತ್ತಿರುತ್ತಾನೆ.

ಆ ಕಣ್ಣು ಕಂಡಮೇಲೆ ನನ್ನಂಥವನು ಸುಮ್ಮನಿರುವುದುಂಟೇ? ಧನುರ್ಮಾಸ, ಶಾರದೆ ರಂಗೋಲಿ ಹಾಕಲು ಏಳುವ ಮೊದಲೇ ಹಾಲು ತರುವ ನೆಪದಲ್ಲಿ ಇಳಿದೆ. ಮೊದಲ ದಿನ ತಳವಾರನನ್ನು ಮಗುವಿಗೆ ಬೆನ್ನು ಹಾಕಿ ತಿರುಗಿಸಿದೆ. ಎರಡನೆಯ ದಿನ ಹುಲ್ಲಿನಿಂದ ಆಚೆ ತಂದೆ. ಮೂರನೆಯ ದಿನ ಮೆಟ್ಟಿಲ ಹತ್ತಿರ ನಿಲ್ಲಿಸಿದೆ. ಟೀಚರ್ ಮೂರು ದಿನವೂ ಅವನನ್ನು ಎತ್ತಿ ಒಳಗಿಟ್ಟು, ಶಿಲುಬೆಯ ಗುರುತು ಮಾಡಿಕೊಂಡರು. ಒಳಗೊಳಗೇ ನಕ್ಕೆ.

ನಗು ನಿಲ್ಲಿಸಿದವನು ಸೆಕ್ರೆಟರಿ ವರದನ್. ಮೂರನೆಯ ದಿನ ಸಂಜೆ ಎಲ್ಲರನ್ನೂ ಗೋದಲಿಯ ಮುಂದೆ ಸೇರಿಸಿ, ಯಾರೋ ರಾತ್ರಿ ಒಳಗೆ ಬಂದುಹೋಗುತ್ತಿದ್ದಾರೆ, ವಾಚ್‌ಮನ್ ಆರುಮುಗಂ ನಿದ್ದೆ ಹೊಡೆಯುತ್ತಿದ್ದಾನೆ, ಜನವರಿಯಿಂದ ಕ್ಯಾಮೆರಾ ಹಾಕಿಸಿ ಅವನನ್ನು ಕಳಿಸಿಬಿಡೋಣ ಎಂದ. ಆರುಮುಗಂ ನನ್ನ ವಯಸ್ಸಿನವನು. ಗಂಡಹೆಂಡತಿ ಇರುವುದು ಗೇಟಿನ ಪಕ್ಕದ ಕೋಣೆಯಲ್ಲೇ. ಕೆಲಸ ಹೋದರೆ ಸೂರೂ ಹೋಯಿತು. “ಸತ್ಯಮಾ ತೂಂಗಲೆ ಸಾರ್,” ನಿಜವಾಗಿ ನಿದ್ದೆ ಮಾಡಿಲ್ಲ ಎಂದು ಅವನು ಒಬ್ಬೊಬ್ಬರ ಮುಖವನ್ನೂ ನೋಡುತ್ತಾ ಹೇಳಿದ. ನನ್ನ ಮುಖವನ್ನೂ ನೋಡಿದ.

ಆಟ ಅಲ್ಲಿಗೇ ನಿಲ್ಲಿಸಿದೆ. ನಾಲ್ಕನೆಯ ದಿನ ಹಾಲು ತರಲೂ ಇಳಿಯಲಿಲ್ಲ. ಆವತ್ತು ತಳವಾರ ಗೇಟಿನ ಬಳಿ, ಆರುಮುಗಂನ ಕುರ್ಚಿಯ ಪಕ್ಕದಲ್ಲಿ, ರಸ್ತೆಗೆ ಮುಖ ಮಾಡಿ ನಿಂತಿದ್ದ.

ಟೀಚರ್ ಮತ್ತೆ ಅವನನ್ನು ಎತ್ತಿ ಒಳಗಿಟ್ಟರು. ಯಾರೋ ನನ್ನ ಆಟವನ್ನೇ ಮುಂದುವರಿಸುತ್ತಿರಬೇಕು ಎಂದುಕೊಂಡೆ. ಆ ರಾತ್ರಿ ಎಲ್ಲರೂ ಮಲಗಿದ ಮೇಲೆ ಶಾರದೆಯ ರಂಗೋಲಿ ಹಿಟ್ಟನ್ನು ಗೋದಲಿಯ ಸುತ್ತ ಮೊಳದಗಲ ಸಾರಿಸಿದಂತೆ ಹರವಿ ಬಂದೆ. ಯಾರೇ ಬರಲಿ, ಹೆಜ್ಜೆ ಮೂಡಬೇಕು. ಬೆಳಗ್ಗೆ ನೋಡಿದರೆ ಹಿಟ್ಟು ಕೆನೆಗಟ್ಟಿದ ಹಾಲಿನಂತೆ ನುಣ್ಣಗಿತ್ತು. ಇರುವೆಯ ಸಾಲೂ ಇಲ್ಲ. ಗೋದಲಿಯ ಮೇಲೆ ತೂಗುಹಾಕಿದ್ದ ಕೆಂಪು ನಕ್ಷತ್ರದ ದೀಪ ಹತ್ತಿ ಆರಿ, ಹತ್ತಿ ಆರಿ, ಒಂದೊಂದು ಸಲಕ್ಕೂ ಎಲ್ಲ ಬೊಂಬೆಗಳು ಕಾಣುತ್ತಿದ್ದವು, ಒಂದನ್ನು ಬಿಟ್ಟು. ಅವನು ಗೇಟಿನಲ್ಲಿದ್ದ. ಎತ್ತಿ ನೋಡಿದೆ. ಪೀಠದ ಅಡಿಯೆಲ್ಲ ಬೆಳ್ಳಗೆ ಹಿಟ್ಟು. ಮಣ್ಣಿನ ಕಂದೀಲಿನಿಂದ ಸೀಮೆಎಣ್ಣೆಯ ವಾಸನೆ ಬರುತ್ತಿತ್ತು.

ಹಿಂದೆ ಶಾರದೆ ನಿಂತಿದ್ದಳು. “ರೀ, ನನ್ನ ಮುಖ ನೋಡಿ ಹೇಳಿ. ದಸರೇಲಿ ಇವನನ್ನ ಮಲಗಿಸಿದ್ರಾ?”

ವಿಜಯದಶಮಿಯ ರಾತ್ರಿ ಆರತಿ ಎತ್ತಿ ಪಟ್ಟದ ಬೊಂಬೆಗಳನ್ನು ಮಲಗಿಸುವುದು ನಿಮಗೂ ಗೊತ್ತು. ಶಾರದೆಯ ತವರಿನಲ್ಲಿ ರಾಜರಾಣಿಯರು ಮಲಗಿದ ಮೇಲೆ, ಕಟ್ಟಕಡೆಗೆ, ‘ಕಾವಲು ಮುಗೀತು, ಮಲಗಪ್ಪ’ ಎಂದು ಹೇಳಿ ತಳವಾರನನ್ನು ಮಲಗಿಸಬೇಕು. ಈ ಸಲ ಅವಳಿಗೆ ಮಂಡಿನೋವೆಂದು ಆ ಕೆಲಸ ನನ್ನ ಪಾಲಿಗೆ ಬಂದಿತ್ತು. ಟೀವಿಯಲ್ಲಿ ಕ್ರಿಕೆಟ್ ಇತ್ತು. ಅವನನ್ನು ನಿಂತ ಹಾಗೆಯೇ ಬೀರುವಿನಲ್ಲಿ ತುರುಕಿ, ‘ಆಯ್ತು’ ಎಂದಿದ್ದೆ.

“ಹಾಗಾದ್ರೆ ಆವತ್ತಿಂದ ಎದ್ದೇ ಇದಾನೆ,” ಎಂದಳು ಶಾರದೆ. ಅವಳ ದನಿಯಲ್ಲಿ ಹೆದರಿಕೆಗಿಂತ ಕನಿಕರವೇ ಹೆಚ್ಚಿತ್ತು.

ಅಂದು ಸಂಜೆ ಮತ್ತೆ ಸಭೆ. ವರದನ್ ಕ್ಯಾಮೆರಾದವನನ್ನೇ ಕರೆಸಿದ್ದ. ಬೊಂಬೆ ತಾನೇ ನಡೆಯುತ್ತದೆ ಎಂದರೆ ಕೆಲಸ ಹೋಗುವುದು ಆರುಮುಗಂನದ್ದು, ಹುಚ್ಚಾಸ್ಪತ್ರೆಗೆ ಹೋಗುವುದು ನಾನು. ಎದ್ದು ನಿಂತು, “ಐದೂ ದಿನ ನಾನೇ ಮಾಡಿದ್ದು. ಆರುಮುಗಂ ಎಚ್ಚರವಾಗೇ ಇದ್ದ. ನಾನು ಒಳಗಿನವನಲ್ವಾ, ನನ್ನನ್ನ ಯಾಕೆ ತಡೀತಾನೆ?” ಎಂದೆ.

“ಲಿಫ್ಟ್ ಚೀಟಿ ಅಂಟಿಸಿದ ಮಹಾನುಭಾವರು ತಾನೆ?” ಎಂದ ವರದನ್. ಒಬ್ಬರಿಗೂ ಅನುಮಾನ ಬರಲಿಲ್ಲ. ಕ್ಯಾಮೆರಾದವನು ಹೊರಟುಹೋದ; ಆರುಮುಗಂ ಉಳಿದ. ಟೀಚರ್ ಮಾತ್ರ, “ತಾತಾ, ವಯಸ್ಸಿಗೆ ತಕ್ಕ ಆಟ ಆಡಿ!” ಎಂದು ತಮಿಳಿನಲ್ಲಿ ಬೈದರು. ಕನ್ನಡದಲ್ಲಿ ಅವರಿಗೆ ಬೈಯಲು ಬರುವುದಿಲ್ಲ.

ರಾತ್ರಿ ನಾನೂ ಶಾರದೆಯೂ ಇಳಿದು, ತಳವಾರನನ್ನು ಹುಲ್ಲಿನ ಮೇಲೆ ಮಲಗಿಸಿದೆವು. “ಕಾವಲು ಮುಗೀತು, ಮಲಗಪ್ಪ. ತಪ್ಪಾಯ್ತು,” ಎಂದೆ. ರೆಪ್ಪೆಯಿಲ್ಲದ ಕಣ್ಣು ಮಾಡನ್ನು ನೋಡುತ್ತಿತ್ತು. ಆಮೇಲೆ ಅವನು ಅಲುಗಲಿಲ್ಲ. ಕ್ರಿಸ್‌ಮಸ್ಸಿಗೆ ಬಂದವರೆಲ್ಲ, ಮಗು ಹುಟ್ಟಿದ ಹೊತ್ತಲ್ಲಿ ಇವನೊಬ್ಬ ಯಾಕೆ ನಿದ್ದೆ ಮಾಡುತ್ತಿದ್ದಾನೆ ಎಂದು ಕೇಳಿದರು. “ನಮ್ಮ ಆಳು ಸಾರ್, ಡ್ಯೂಟಿ ಮುಗೀತು,” ಎಂದು ಆರುಮುಗಂ ಎಲ್ಲರಿಗೂ ತಮಿಳಿನಲ್ಲಿ ಸಮಾಧಾನ ಹೇಳಿದ.

ಇಷ್ಟರಲ್ಲಿ ನಾನು ಸೇರಿಸಿದ ಸುಳ್ಳು ಒಂದೇ ಒಂದು. ಸೀಮೆಎಣ್ಣೆಯ ವಾಸನೆಯೇ? ಅಲ್ಲ. ಹಿಟ್ಟೇ? ಅದೂ ಅಲ್ಲ. ಮೊದಲ ಮೂರು ದಿನ ನಾನೇ ಜರುಗಿಸಿದೆ ಎಂದೆನಲ್ಲ, ಅದು. ಇಷ್ಟು ವರ್ಷ ಮೆರೆದವನು ಒಂದು ಮಣ್ಣಿನ ಬೊಂಬೆಗೆ ಸೋತೆ ಎಂದು ಬರೆಯಲು ಕೈ ಬರಲಿಲ್ಲ. ಅವನನ್ನು ತಿರುಗಿಸಲೆಂದೇ ಮೊದಲ ದಿನ ಕತ್ತಲಲ್ಲಿ ಇಳಿದದ್ದು ನಿಜ. ನಾನು ಕೊನೆಯ ಮೆಟ್ಟಿಲಿಗೆ ಕಾಲಿಡುವ ಹೊತ್ತಿಗೆ, ಅವನು ಆಗಲೇ ನನ್ನ ಕಡೆಗೆ ತಿರುಗಿ ನಿಂತಿದ್ದ.