ಮಾನಪತ್ರದ ಮಾಲೀಕ

ನಾನು ಬರೆದದ್ದನ್ನು ಕೇಳಿ ಕಣ್ಣೀರು ಹಾಕಿದವರು ಬಹಳ ಮಂದಿ ಇದ್ದಾರೆ. ಹೀಗೆಂದರೆ ಜಂಭ ಕೊಚ್ಚಿಕೊಳ್ಳುತ್ತಾನೆ ಎಂದುಕೊಳ್ಳುತ್ತೀರಿ. ಆದರೆ ನಮ್ಮ ವಿಭಾಗದ ನಾಲ್ಕಾರು ಜನರನ್ನೂ ನನ್ನ ಹೆಂಡತಿಯನ್ನೂ ಬಿಟ್ಟರೆ, ಅದನ್ನು ಬರೆದವನು ನಾನೆಂದು ಯಾರಿಗೂ ಗೊತ್ತಿಲ್ಲ ಎಂಬುದನ್ನೂ ಹೇಳಿಬಿಟ್ಟರೆ ಜಂಭ ಅರ್ಧಕ್ಕರ್ಧ ಇಳಿದುಹೋಗುತ್ತದೆ. ನಾನು ಕಥೆಗಾರನಲ್ಲ, ಕವಿಯೂ ಅಲ್ಲ. ಪೀಣ್ಯದ ಕಾರ್ಖಾನೆಯೊಂದರ ತಪಾಸಣಾ ವಿಭಾಗದಲ್ಲಿ ಮೈಕ್ರೋಮೀಟರ್ ಹಿಡಿದು ಬೇರೆಯವರ ಕೆಲಸದಲ್ಲಿ ತಪ್ಪು ಹುಡುಕುವುದು ನನ್ನ ಹೊಟ್ಟೆಪಾಡು. ಯಾರಾದರೂ ನಿವೃತ್ತರಾಗುವ ತಿಂಗಳ ಕೊನೆಯಲ್ಲಿ ಮಾತ್ರ ನನಗೆ ಇದರ ವಿರುದ್ಧ ದಿಕ್ಕಿನ ಕೆಲಸ ಬೀಳುತ್ತಿತ್ತು. ಮೂವತ್ತು ವರ್ಷ ನಾನೇ ತಪ್ಪು ಹುಡುಕಿದ ಮನುಷ್ಯನಲ್ಲಿ ಒಳ್ಳೆಯದನ್ನು ಹುಡುಕಿ, ಒಂದು ಮಾನಪತ್ರ ಬರೆದುಕೊಡುವುದು.

ಕಾರ್ಖಾನೆಯ ನಿವೃತ್ತಿ ಸಮಾರಂಭ ನೋಡಿದವರಿಗೆ ಮಾನಪತ್ರವೆಂದರೇನೆಂದು ಹೇಳಬೇಕಾಗಿಲ್ಲ. ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ, ಜೊತೆಗೆ ಗಾಜು ಹಾಕಿಸಿದ ಒಂದು ಫ್ರೇಮು. ಹಣ್ಣು ಎರಡು ದಿನದಲ್ಲಿ ಮುಗಿಯುತ್ತದೆ, ಪೇಟ ಮೊಮ್ಮಕ್ಕಳ ಆಟಕ್ಕೆ ಹೋಗುತ್ತದೆ, ಗೋಡೆಯ ಮೇಲೆ ಉಳಿಯುವುದು ಫ್ರೇಮೊಂದೇ. ಗಂಟಲು ಚೆನ್ನಾಗಿರುವ ಯಾರಾದರೂ ಅದನ್ನು ಸಭೆಯಲ್ಲಿ ಗಟ್ಟಿಯಾಗಿ ಓದುತ್ತಾರೆ. ಕೆಳಗೆ ಬರೆದವನ ಹೆಸರಿರುವುದಿಲ್ಲ. ‘ಇಂತಿ, ನಿಮ್ಮ ಪ್ರೀತಿಯ ಸಹೋದ್ಯೋಗಿಗಳು’ ಎಂದಷ್ಟೇ ಇರುತ್ತದೆ. ಅದರ ಬಗ್ಗೆ ನನಗೆ ಬೇಸರವೇನೂ ಇರಲಿಲ್ಲ ಎಂದು ಎಲ್ಲರ ಮುಂದೆ ಹೇಳುತ್ತಿದ್ದೆ. ನಿಜ ಹೇಳಬೇಕೆಂದರೆ ಇತ್ತು. ಪ್ರತಿ ಸಲ ‘ಸಹೋದ್ಯೋಗಿಗಳು’ ಎಂಬಲ್ಲಿಗೆ ಬಂದಾಗ ನಾನೊಬ್ಬನೇ ಕುರ್ಚಿಯಲ್ಲಿ ಸ್ವಲ್ಪ ನೆಟ್ಟಗೆ ಕೂರುತ್ತಿದ್ದೆ. ನಾನು ಕೈಯಲ್ಲಿ ಬರೆದ ಹಾಳೆಯನ್ನು ಪೀಣ್ಯ ಎರಡನೇ ಹಂತದ ರತ್ನಮ್ಮನವರ ಡಿಟಿಪಿ ಅಂಗಡಿಗೆ ಕೊಟ್ಟರೆ ಆಯಿತು, ಟೈಪು, ಪ್ರಿಂಟು, ಫ್ರೇಮು ಎಲ್ಲ ಆಕೆಯ ಜವಾಬ್ದಾರಿ. ಆ ಹಾಳೆಯನ್ನು ನಾನೊಮ್ಮೆಯೂ ವಾಪಸು ಕೇಳಿದವನಲ್ಲ.

ಹೊಸೂರು ರಸ್ತೆಯ ಮೇಲ್ಸೇತುವೆ ಕಟ್ಟುತ್ತಿದ್ದ ಕಾಲ. ನನ್ನ ಷಡ್ಡಕರಾದ ವೆಂಕಟೇಶಯ್ಯನವರು ಹೆಬ್ಬಗೋಡಿಯ ಸಿದ್ಧ ಉಡುಪಿನ ಕಾರ್ಖಾನೆಯೊಂದರ ಸ್ಟೋರ್ಸಿನಿಂದ ನಿವೃತ್ತರಾದರು. ಚಿಕ್ಕಬಾಣಾವರದಿಂದ ಮೂರು ಬಸ್ಸು ಬದಲಿಸಿ, ಧೂಳು ಕುಡಿದು, ನಾನೂ ನನ್ನ ಹೆಂಡತಿ ಸುಮಿತ್ರಳೂ ಸಮಾರಂಭಕ್ಕೆ ಹೋಗಿ ಮೂರನೇ ಸಾಲಿನಲ್ಲಿ ಕೂತೆವು. ಒಬ್ಬರು ಮೈಕಿನ ಮುಂದೆ ಬಂದು ಮಾನಪತ್ರ ಓದತೊಡಗಿದರು: ‘ಕಾದ ಕಬ್ಬಿಣದ ಬಣ್ಣ ನೋಡಿಯೇ ಅದರ ಬಿಸಿ ಹೇಳಬಲ್ಲ ಕಣ್ಣು ತಮ್ಮದು.’

ನಾನು ಬೆಚ್ಚಿಬಿದ್ದೆ. ಅದು ನಮ್ಮ ಕುಲುಮೆಯ ಫೋರ್‌ಮನ್ ಮುನಿಯಪ್ಪನಿಗೆಂದು ನಾನು ಬರೆದ ಸಾಲು. ವೆಂಕಟೇಶಯ್ಯನವರು ಸೇವಾವಧಿಯುದ್ದಕ್ಕೂ ಗುಂಡಿ ಮತ್ತು ಜಿಪ್ಪು ಎಣಿಸಿ ಕೊಟ್ಟವರು. ಸ್ನಾನದ ನೀರು ಕಾದಿದೆಯೇ ಎಂದು ತಿಳಿಯಲು ಇವತ್ತಿಗೂ ಹೆಂಡತಿಯನ್ನು ಕೂಗುವವರು. ‘ಒಂದು ದಿನವೂ ತಡವಾಗಿ ಬಾರದ’ ಎಂಬಲ್ಲಿ ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಆದರೂ ಚಪ್ಪಾಳೆ ಬಿತ್ತು. ಕೊನೆಗೆ ನಮ್ಮ ವಿಭಾಗದಲ್ಲಿ ನನಗೆ ಹೆಸರು ತಂದಿದ್ದ ಸಾಲು ಬಂತು: ‘ನಾಳೆಯೂ ತಾವು ಇದೇ ಹೊತ್ತಿಗೆ ಏಳುವಿರಿ. ನಾಳೆಯೂ ನಮ್ಮ ಬಸ್ಸು ತಮ್ಮ ಸ್ಟಾಪಿನಲ್ಲಿ ಒಂದು ಗಳಿಗೆ ನಿಂತು ಹೊರಡುವುದು.’ ವೆಂಕಟೇಶಯ್ಯನವರು ಕನ್ನಡಕ ತೆಗೆದರು, ಅವರ ಹೆಂಡತಿ ಶಾರದಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡರು. ನನಗೂ ಕಣ್ಣು ಮಂಜಾಯಿತು. ಒರೆಸಿಕೊಂಡ ಮೇಲೆ ಸಿಟ್ಟು ಬಂತು.

ವಾಪಸು ಬರುವಾಗ ಬಸ್ಸಿನಲ್ಲಿ ಸುಮಿತ್ರ ಹೇಳಿದಳು: “ಭಾವನ ಬಗ್ಗೆ ಎಷ್ಟ್ ಚೆನ್ನಾಗಿ ಬರ್ದಿದ್ರು ಅಲ್ವಾ? ನೀವೂ ಬರೀತೀರ, ಆದ್ರೆ ಇಂಥ ಜೀವ ಇರಲ್ಲ ಕಣ್ರೀ.”

“ಅದು ನಂದೇ ಕಣೇ! ನಾನು ಮುನಿಯಪ್ಪಂಗೆ ಬರ್ದಿದ್ದು!”

“ಹೊಟ್ಟೆಕಿಚ್ಚಿಗೂ ಒಂದು ಮಿತಿ ಬೇಕು,” ಎಂದು ಅವಳು ಕಿಟಕಿಯ ಕಡೆ ತಿರುಗಿದಳು.

ಚಪ್ಪಲಿ ಕಳೆದುಕೊಂಡವನು ಬರಿಗಾಲು ತೋರಿಸಬಹುದು. ಮಾತು ಕಳೆದುಕೊಂಡವನು ಏನು ತೋರಿಸುವುದು? ನನ್ನ ಹೆಂಡತಿಯೇ ನನ್ನ ಬರಹವನ್ನು ಹೊಗಳಿ, ಅದು ನನ್ನದಾಗಿರಲು ಸಾಧ್ಯವಿಲ್ಲ ಎಂದ ಆ ಸಂಜೆ ನನಗೆ ನಿಜಕ್ಕೂ ನೋವಾಯಿತು. ಫ್ರೇಮಿನ ಕೆಳಗಲ್ಲದಿದ್ದರೆ ಬೇಡ, ಮನೆಯಲ್ಲಾದರೂ ಅದು ನನ್ನದೆಂದು ಆಗಬೇಕು ಎಂದು ತೀರ್ಮಾನಿಸಿದೆ.

ಬೆಳಿಗ್ಗೆ ಚಿಕ್ಕಬಾಣಾವರದ ರೈಲ್ವೆ ಪ್ಲಾಟ್‌ಫಾರ್ಮಿನ ಮೇಲೆ ನನ್ನ ಜೊತೆ ವಾಕಿಂಗ್ ಮಾಡುವ ನಂಜುಂಡಯ್ಯನವರು ವಕೀಲರು. ನನ್ನ ದೂರು ಕೇಳಿದ್ದೇ ತಡ, ಅವರ ನಡಿಗೆ ಚುರುಕಾಯಿತು. ಕೃತಿಸ್ವಾಮ್ಯ ಎನ್ನುವುದು ಬರೆದ ಕ್ಷಣದಲ್ಲೇ ಹುಟ್ಟುತ್ತದಂತೆ, ನೋಂದಣಿ ಮಾಡಿಸಿರಲೇಬೇಕೆಂದಿಲ್ಲವಂತೆ. ನಾನು ಸತ್ತ ಮೇಲೂ ಅರವತ್ತು ವರ್ಷ ಇರುತ್ತದಂತೆ. ಅಷ್ಟು ದೀರ್ಘಾಯುಷ್ಯದ ವಸ್ತು ನನ್ನ ಹತ್ತಿರ ಬೇರೇನೂ ಇರಲಿಲ್ಲವಾದ್ದರಿಂದ ನನಗೆ ಹೆಮ್ಮೆಯಾಯಿತು. “ಮೊದಲು ನೋಟಿಸು. ಬಗ್ಗದಿದ್ರೆ ಜಿಲ್ಲಾ ನ್ಯಾಯಾಲಯದಲ್ಲಿ ದಾವೆ. ಇನ್ನು ಮುಂದೆ ಅಚ್ಚು ಹಾಕಬಾರ್ದು ಅಂತ ತಡೆಯಾಜ್ಞೆ, ಆಗಿದ್ದಕ್ಕೆ ಪರಿಹಾರ. ಬೇಕು ಅಂತ್ಲೇ ಕದ್ದಿದ್ರೆ ಕ್ರಿಮಿನಲ್ ಕೇಸು, ಜೈಲೂ ಉಂಟು,” ಎಂದು ಅವರು ಒಂದೊಂದೇ ಬೆರಳು ಮಡಚಿದರು. ಬರೆದವನು ತಾನೆಂದು ಹೇಳಿಕೊಳ್ಳುವುದೂ ಒಂದು ಹಕ್ಕಂತೆ, ಬೇರೆಲ್ಲ ಹಕ್ಕು ಮಾರಿಕೊಂಡರೂ ಅದು ಉಳಿಯುತ್ತದಂತೆ. ಕೊನೆಯ ಬೆರಳು ಮಡಚುವಾಗ ದನಿ ತಗ್ಗಿಸಿದರು: “ಕದ್ದು ಮಾಡಿದ ಪ್ರತಿಗಳೆಲ್ಲ ಕಾನೂನಿನ ಪ್ರಕಾರ ನಿಮ್ಮ ಸ್ವತ್ತು ಕಣ್ರೀ. ಎಲ್ಲಿದ್ರೂ ನಿಮ್ಮ ವಶಕ್ಕೆ ಕೊಡಿ ಅಂತ ಕೇಳ್ಬಹುದು. ನಿಮ್ಮ ಕೈಬರಹದ ಹಾಳೆ ಮೊದ್ಲು ತನ್ನಿ.”

ಮುಂದಿನ ಭಾನುವಾರ ಷಡ್ಡಕರ ಮನೆಗೆ ಊಟಕ್ಕೆ ಹೋದಾಗ, ನನ್ನ ಸ್ವತ್ತು ನಡುಮನೆಯ ಗೋಡೆಯ ಮೇಲೆ ಬಾಗಿಲಿಗೆ ಎದುರಾಗಿ ತೂಗುತ್ತಿತ್ತು. ಮಾಲೀಕನ ಗತ್ತಿನಲ್ಲಿ ಅದರ ಅಳತೆ ನೋಡಿದೆ. ಮೂರು ಬಸ್ಸಿನಲ್ಲಿ ಸಾಗಿಸುವುದು ಕಷ್ಟ. ಶಾರದಕ್ಕ ಪಲ್ಯ ಬಡಿಸುತ್ತ, “ಇಷ್ಟ್ ವರ್ಷ ಇವ್ರನ್ನ ಬೈಕೊಂಡೇ ಬಂದೆ. ಇಂಥದ್ದೆಲ್ಲ ಮಾಡ್ತಿದ್ರು ಅಂತ ಮನೇಲಿ ಒಂದಿನ ಬಾಯ್ಬಿಡ್ಲಿಲ್ಲ ನೋಡಿ,” ಎಂದರು. ಊಟವಾದ ಮೇಲೆ ವೆಂಕಟೇಶಯ್ಯನವರು ನನ್ನನ್ನು ಬಾಲ್ಕನಿಗೆ ಕರೆದುಕೊಂಡು ಹೋಗಿ, ಮೆಲ್ಲಗೆ ಹೇಳಿದರು:

“ನಿಮ್ಗೆ ಗೊತ್ತಲ್ಲ, ಕಬ್ಬಿಣ ಗಿಬ್ಬಿಣ ನಾನು ಕಂಡೋನಲ್ಲ. ಎಲ್ಲಿಂದ ಬಂತೋ ಏನೋ. ಅವಳಿಗೆ ಮಾತ್ರ ಹೇಳ್ಬೇಡಿ. ಆದ್ರೆ ಆ ಬಸ್ಸಿನ ಮಾತಿದೆಯಲ್ಲ, ಅದು ನಂದೇ. ಈಗ್ಲೂ ಐದೂವರೆಗೆ ಎದ್ದು ಇಲ್ಲೇ ನಿಂತ್ಕೋತೀನಿ. ಕಂಪ್ನಿ ಬಸ್ಸು ಹೋಗೋದು ಕಾಣುತ್ತೆ.”

ಆ ಫ್ರೇಮನ್ನು ಕೇಳುವ ಧೈರ್ಯ ಯಾವ ನ್ಯಾಯಾಧೀಶರಿಗೂ ಬರಲಾರದು ಅನ್ನಿಸಿತು. ಆದರೆ ಕಳ್ಳರನ್ನು ಬಿಡುವಷ್ಟು ದೊಡ್ಡ ಮನುಷ್ಯ ನಾನಲ್ಲ. ಸೋಮವಾರ ಶಿಫ್ಟು ಮುಗಿಸಿಕೊಂಡು ನೇರವಾಗಿ ರತ್ನಮ್ಮನವರ ಅಂಗಡಿಗೆ ಹೋದೆ. ಐವತ್ತು ದಾಟಿದ ಹೆಂಗಸು, ಕಂಪ್ಯೂಟರಿನ ಮುಂದೆ ಕುಂಕುಮದ ಬಟ್ಟಲು ಇಟ್ಟುಕೊಂಡವರು. ನನ್ನ ಆರೋಪವನ್ನು ಪೂರ್ತಿ ಕೇಳಿದರು. ಮುಚ್ಚಿಡುವ ಯೋಚನೆಯೇ ಅವರಿಗೆ ಬಂದಂತಿರಲಿಲ್ಲ.

“ಹೌದು ಸಾರ್, ನಿಮ್ದೇ. ಹೆಬ್ಬಗೋಡೀಲಿ ನನ್ನ ತಂಗಿ ಅಂಗಡಿ ಇಟ್ಟಿದಾಳೆ, ನೀವು ಬರ್ದಿದ್ದನ್ನೆಲ್ಲ ಅವಳಿಗೂ ಸಿಡಿ ಮಾಡ್ಕೊಟ್ಟೆ. ಸಂಜೆ ಫಂಕ್ಷನ್ ಇದೆ ಅಂತ ಮಧ್ಯಾಹ್ನ ಓಡಿ ಬರ್ತಾರೆ, ಏನಾದ್ರೂ ಒಳ್ಳೇದು ಬರ್ಕೊಡಿ ಅಂತಾರೆ. ನಾವೆಲ್ಲಿಂದ ತರೋಣ? ತಪ್ಪಾಗಿದ್ರೆ ಹೇಳಿ, ಇವತ್ತೇ ಅಳಿಸ್ಬಿಡ್ತೀನಿ.”

“ನನ್ನ ಕೈಬರಹದ ಹಾಳೆಗಳು ಬೇಕು,” ಎಂದೆ ವಕೀಲರ ದನಿಯಲ್ಲಿ.

ಆಕೆ ಕಪಾಟಿನಿಂದ ಒಂದು ಫೈಲು ತೆಗೆದುಕೊಟ್ಟರು. ನಾನು ಬರೆದ ಒಂದೊಂದು ಹಾಳೆಯೂ ಅದರಲ್ಲಿ ಜೋಪಾನವಾಗಿತ್ತು. ನನ್ನ ಬರಹವನ್ನು ಇಷ್ಟು ಪ್ರೀತಿಯಿಂದ ಇಟ್ಟುಕೊಂಡವರು ಇವರೊಬ್ಬರೇ ಎಂದು ಮನಸ್ಸು ಕರಗುವುದರಲ್ಲಿತ್ತು, ತಡೆದುಕೊಂಡೆ. ಮುನಿಯಪ್ಪನ ಹಾಳೆ ಸಿಕ್ಕಿತು. ಕಾದ ಕಬ್ಬಿಣವಿತ್ತು, ತಡವಾಗಿ ಬಾರದ ಮಾತಿತ್ತು. ಬಸ್ಸಿರಲಿಲ್ಲ. ಹಾಳೆ ತಿರುಗಿಸಿದೆ. ಬೇರೆ ಹಾಳೆಗಳನ್ನು ನೋಡಿದೆ. ಯಾವುದರಲ್ಲೂ ಇರಲಿಲ್ಲ. ಎಲ್ಲವೂ ‘ದೇವರು ತಮಗೆ ಆಯುರಾರೋಗ್ಯ ಭಾಗ್ಯ ಕರುಣಿಸಲಿ’ ಎಂದೇ ಮುಗಿದಿದ್ದವು.

“ಬಸ್ಸಿನ ಸಾಲೆಲ್ಲಿ?”

“ಅದು ನಾನು ಸೇರ್ಸಿದ್ದು ಸಾರ್,” ರತ್ನಮ್ಮ ಮೊದಲ ಸಲ ನಾಚಿಕೊಂಡರು. “ಫ್ರೇಮಲ್ಲಿ ಕೆಳಗಡೆ ಜಾಗ ಖಾಲಿ ಉಳೀತಿತ್ತು. ನಮ್ಮನೆಯವರ ಕಾರ್ಖಾನೆ ಇದ್ದಕ್ಕಿದ್ದಂಗೆ ಮುಚ್ಚಿ ಹೋಯ್ತು. ಪೇಟ ಇಲ್ಲ, ಹಾರ ಇಲ್ಲ. ಮಾರನೇ ದಿನ ಅಭ್ಯಾಸಬಲ, ಟಿಫನ್ ಬಾಕ್ಸ್ ಹಿಡ್ಕೊಂಡು ಸ್ಟಾಪಲ್ಲಿ ಹೋಗಿ ನಿಂತಿದ್ರು. ಬಸ್ಸು ಬರ್ಲಿಲ್ಲ. ಇವ್ರಿಗಾದ್ರೂ ಬರ್ಲಿ ಅಂತ ಹಾಕ್ದೆ. ಬೇಡ ಅಂದ್ರೆ ತೆಗೀತೀನಿ ಸಾರ್.”

ಆ ಸಾಲನ್ನು ನಮ್ಮ ಸಮಾರಂಭಗಳಲ್ಲಿ ವರ್ಷಗಟ್ಟಲೆ ಕೇಳಿದ್ದೇನೆ. ನಮ್ಮ ವಿಭಾಗದವರು ಬಂದು ನನ್ನ ಕೈ ಕುಲುಕಿದ್ದಾರೆ, ನಾನು ತಲೆ ಬಾಗಿಸಿ ‘ಏನೋ ಹೊಳೀತು’ ಎಂದಿದ್ದೇನೆ. ಬರೆದ ನೆನಪು ಮಾತ್ರ ಒಂದು ದಿನವೂ ಇರಲಿಲ್ಲ. ಅಷ್ಟು ಚೆನ್ನಾಗಿದೆಯಲ್ಲ, ನಾನೇ ಬರೆದಿರಬೇಕು ಎಂದುಕೊಂಡಿದ್ದೆ! ನೂಲಿನಷ್ಟು ವ್ಯತ್ಯಾಸವಿದ್ದರೂ ತುಂಡನ್ನು ತಿರಸ್ಕರಿಸುವ ತಪಾಸಣೆಯವನು ನಾನು. ಬಸ್ಸಿನಲ್ಲಿ ಸುಮಿತ್ರ ಹೇಳಿದ್ದು ಹೊಟ್ಟೆಕಿಚ್ಚಿನ ವಿಷಯದಲ್ಲಿ ತಪ್ಪಿರಬಹುದು, ಜೀವದ ವಿಷಯದಲ್ಲಿ ತಪ್ಪಿರಲಿಲ್ಲ.

“ತೆಗೀಬೇಡಿ,” ಎಂದೆ. ಹಾಳೆಗಳನ್ನೂ ಅಲ್ಲೇ ಬಿಟ್ಟು ಬಂದೆ.

ಮರುದಿನ ಬೆಳಿಗ್ಗೆ ಪ್ಲಾಟ್‌ಫಾರ್ಮಿನಲ್ಲಿ ನಂಜುಂಡಯ್ಯನವರು ಉತ್ಸಾಹದಿಂದ ಕಾಯುತ್ತಿದ್ದರು. “ಏನ್ರೀ, ಪುರಾವೆ ಸಿಕ್ತಾ?”

“ಸಿಕ್ತು ಸಾರ್. ಗಟ್ಟಿ ಪುರಾವೆ.”

“ಹಾಗಾದ್ರೆ ನೋಟಿಸು ಕಳಿಸೇಬಿಡೋಣ.”

“ಅದು ಆಮೇಲೆ ಸಾರ್. ನೋಟಿಸು ಬಂದೋನು ಏನ್ ಮಾಡ್ಬೇಕು, ಅದನ್ನ ಮೊದ್ಲು ಹೇಳಿ,” ಎಂದೆ.