ಮಂತ್ರಿಗಳು ನೋಡಲು ಬಂದ ಗುಂಡಿ

ದೊಡ್ಡ ದೇಶದ ಮಂತ್ರಿಗಳು ತನ್ನ ಗುಂಡಿ ನೋಡಲು ಬರುತ್ತಾರೆಂಬ ಸುದ್ದಿಯನ್ನು ಕರೋಟು ತನ್ನೊಳಗೇ ಇಟ್ಟುಕೊಂಡಿದ್ದರೆ ಏನೂ ಆಗುತ್ತಿರಲಿಲ್ಲ. ಖುಷಿ ತಡೆಯಲಾರದೆ ಬೆಳಗ್ಗೆಯೇ ಪಕ್ಕದ ಮನೆಯ ರೋತಿಯಾಗೆ ಹೇಳಿಬಿಟ್ಟ. ರೋತಿಯಾಗೆ ಹೇಳುವುದೂ ಒಂದೇ, ಚರ್ಚಿನ ಗಂಟೆ ಬಾರಿಸುವುದೂ ಒಂದೇ.

ಪೆಸಿಫಿಕ್ ಸಾಗರದ ಕಿರಿಬಾಸ್ ದ್ವೀಪದೇಶದ ಆ ಊರಿನಲ್ಲಿ ಸಮುದ್ರ ಮೊದಲು ನುಗ್ಗಿದ್ದು, ನೆಲದಡಿಯ ಸಿಹಿನೀರಿನವರೆಗೆ ತೋಡಿ ಬಾಬಾಯಿ ಎಂಬ ಕೆಸು ಬೆಳೆಯುತ್ತಿದ್ದ ಕರೋಟುವಿನ ಗುಂಡಿಗೆ. ಅವನ ತಾತ ನೆಟ್ಟು ಬೆಳೆಸಿದ ಆಳೆತ್ತರದ ಕೆಸುವೆಲ್ಲ ಉಪ್ಪುನೀರು ಕುಡಿದು ಸತ್ತಿತ್ತು. ಭೂಮಿ ಕಾಯಿಸಿ ಕಡಲು ಉಕ್ಕಿಸುವ ನಮ್ಮ ಹೊಗೆ ಕಡಿಮೆ ಮಾಡುತ್ತೇವೆ, ನಿಮಗೆ ತಡೆಗೋಡೆ ಕಟ್ಟಿಸುತ್ತೇವೆ ಎಂದು ಮಂತ್ರಿಗಳ ದೇಶ ಲೋಕದೆದುರು ಸಹಿ ಹಾಕಿ ವರ್ಷಗಳೇ ಕಳೆದಿದ್ದವು. ಸತ್ತ ಗಿಡ ತೋರಿಸಿ, ‘ಎಲ್ಲಿ ಸ್ವಾಮೀ ನಿಮ್ಮ ಗೋಡೆ?’ ಎಂದು ಮುಖಕ್ಕೇ ಕೇಳಬೇಕೆಂದು ಕರೋಟು ಕಾದಿದ್ದ. ಗೋಡೆ ಬಾರದಿದ್ದರೆ ಮುಂದಿನ ದೊಡ್ಡ ಉಬ್ಬರಕ್ಕೆ ಅವನ ಮನೆಯೂ ಉಳಿಯುವಂತಿರಲಿಲ್ಲ.

ಅವನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಊರಿಗೆ ಊರೇ ಗುಂಡಿಯೊಳಗಿತ್ತು.

“ಅಯ್ಯೋ, ಏನ್ ಮಾಡ್ತಿದ್ದೀರಿ?”

“ಮನೆಗೆ ಬರೋ ನೆಂಟರಿಗೆ ಕೊಳೆತ ಬಾಬಾಯಿ ತೋರಿಸ್ತೀಯೇನೋ? ನಾಚಿಕೆ ಆಗಲ್ವಾ?” ಮೊಣಕಾಲುದ್ದ ಕೆಸರಲ್ಲಿ ನಿಂತ ರೋತಿಯಾ ಗದರಿದಳು.

“ಅಕ್ಕಾ, ಕೊಳೆತಿದ್ದನ್ನೇ ಅವ್ರು ನೋಡ್ಬೇಕು!”

“ನೋಡಿ ದೇಶಕ್ಕೆಲ್ಲಾ ಹೇಳ್ಕೊಂಡು ಆಡ್ಕೊಳ್ಲಿ ಅಂತಾನಾ? ತೆಗಿ ಕೈ!”

ತಮ್ಮ ಗುಂಡಿಯೊಳಗೆ ಅಳಿಯನಿಗೂ ಇಣುಕಲು ಬಿಡದ ಜನ, ಅಂದು ತಮ್ಮ ಅತ್ಯುತ್ತಮ ಗಿಡಗಳನ್ನು ಬೇರುಸಮೇತ ಕಿತ್ತು ತಂದು ನೆಟ್ಟರು. ಕರೋಟು ಕೊನೆಯ ಸತ್ತ ಗಿಡವನ್ನು ತಬ್ಬಿಕೊಂಡು ಕೂತ. ಅದನ್ನೂ ಕಿತ್ತುಕೊಂಡು, ಮಂತ್ರಿಗಳನ್ನು ಕರೆತರಲು ಅವನನ್ನು ದಡಕ್ಕೆ ಅಟ್ಟಿದರು.

ಹೂವಿನ ಕಿರೀಟ ತೊಟ್ಟ ಮಂತ್ರಿಗಳು ಗುಂಡಿಯೆದುರು ನಿಂತು ಕಣ್ಣರಳಿಸಿದರು. “ಆಹಾ, ಏನು ಹಸಿರು!”

“ಸುಳ್ಳು ಸ್ವಾಮೀ! ಎಲ್ಲಾ ಈಗಷ್ಟೇ ನೆಟ್ಟಿದ್ದು. ಇದು ಸಮುದ್ರದ ನೀರು. ಬೇಕಾದ್ರೆ ಬಾಯಿಗೆ ಹಾಕಿ ನೋಡಿ!”

ಮಂತ್ರಿಗಳು ಬೆರಳದ್ದಿ ಚೀಪಿದರು. “ಸಿಹಿನೀರು!”

ಕರೋಟು ತಾನೂ ಬೆರಳದ್ದಿ ಚೀಪಿ ನೋಡಿದ. ಊರ ಹಿರಿಯ ಇಯೊತೆಬಾ ಅವನ ಕಿವಿಯಲ್ಲಿ ಉಸುರಿದ: “ಉಪ್ಪುನೀರು ಮೊಗೆದು, ಕುಡಿಯೋಕೆ ಹಿಡಿದಿಟ್ಟಿದ್ದ ಮಳೆನೀರೆಲ್ಲಾ ಸುರಿದ್ವಿ ಮಗಾ. ಮಾನಕ್ಕಿಂತ ದೊಡ್ಡದು ಯಾವುದಿದೆ?”

“ಎಂಥ ವಿನಯ ನಿಮ್ಮದು, ಕರೋಟು ಅವರೇ!” ಮಂತ್ರಿಗಳು ಅವನ ಹೆಗಲ ಮೇಲೆ ಕೈಹಾಕಿದರು. “ಮಾತಿಗೆ ತಪ್ಪಿದ್ರಿ ಅಂತ ಲೋಕದ ಸಭೆಯಲ್ಲಿ ನಮ್ಮನ್ನ ಬೈತಾರೆ. ಗೋಡೆ ಯಾಕೆ ಬೇಕು ಇಲ್ಲಿ? ಬನ್ನಿ, ಒಂದು ಫೋಟೋ. ಇದನ್ನೇ ಅವರ ಮುಖಕ್ಕೆ ಹಿಡೀತೀನಿ.”

ಊರು ಚಪ್ಪಾಳೆ ತಟ್ಟಿತು. ಕರೋಟುವಿಗೆ ಗೋಳೋ ಎಂದು ಅಳಬೇಕೆನಿಸಿತು.

“ನಗೋ, ನಗೋ!” ಎಂದಳು ರೋತಿಯಾ.

ಕರೋಟು ಹಲ್ಲು ಬಿಟ್ಟು ನಕ್ಕ. ಎಷ್ಟೆಂದರೂ ನೆಂಟರೆದುರು ಅಳುವುದು ಅವನಿಗೂ ಅವಮಾನವೇ.