ಊಟ ಮುಗಿಯುವತನಕ ನಾನು ವೀರ

ನನ್ನ ಮೊಮ್ಮಗಳು ಭಾಗ್ಯ ನಿನ್ನೆ ಪಾಸಾದಳು. ಮೊದಲು ಇದನ್ನು ಹೇಳಿಬಿಡುತ್ತೇನೆ, ಮಿಕ್ಕದ್ದೆಲ್ಲ ಆಮೇಲೆ. ನಿನ್ನೆ ಮಧ್ಯಾಹ್ನದಿಂದ ನಾನು ಬೇರೆ ಮಾತೇ ಆಡಿಲ್ಲ. ಹಾಲಿನ ಡೇರಿಯಲ್ಲಿ ಹೇಳಿದೆ, ಗುಮ್ಮಘಟ್ಟದ ಆಟೋ ನಿಲ್ಲುವಲ್ಲಿ ಹೇಳಿದೆ, ಭೈರವಾನಿತಿಪ್ಪಕ್ಕೆ ಹೊರಟಿದ್ದ ಗುರುತಿಲ್ಲದ ಮನುಷ್ಯನೊಬ್ಬನಿಗೆ ಕನ್ನಡದಲ್ಲಿ ಹೇಳಿ, ಅವನು ಕಣ್ಣು ಕಣ್ಣು ಬಿಟ್ಟಾಗ, ನಮ್ಮದು ಆಂಧ್ರದ ಸೀಮೆಯಲ್ಲವೇ, ತೆಲುಗಿನಲ್ಲಿ ಇನ್ನೊಂದು ಸಲ ಹೇಳಿದೆ. ಇನ್ನು ಹೇಳುವುದಕ್ಕೆ ಜನ ಉಳಿದಿಲ್ಲ, ಅದಕ್ಕೇ ಬರೆಯಲು ಕೂತಿದ್ದೇನೆ. ಮೂರನೇ ಕ್ಲಾಸಿಗೇ ಸ್ಲೇಟು ಬಿಟ್ಟು ಕುರಿ ಹಿಂದೆ ಹೋದವನು ನಾನು. ಅಕ್ಷರ ವಾಲಿದರೆ ದೊಡ್ಡ ಮನಸ್ಸು ಮಾಡಿ ಓದಿಕೊಳ್ಳಿ.

ಅವಳು ಪಾಸಾದದ್ದು ಪಿಎಚ್.ಡಿ. ಅನ್ನುವ ಪರೀಕ್ಷೆ. ಗ್ರೀಸ್ ಅಂತ ಒಂದು ದೇಶವಂತೆ. ಅಲ್ಲಿ ಬಹಳ ಹಿಂದಿನ ಕಾಲದಲ್ಲಿ ವೀರರ ಮೇಲೆ ದೊಡ್ಡ ದೊಡ್ಡ ಕಾವ್ಯ ಕಟ್ಟಿ ಹಾಡುತ್ತಿದ್ದರಂತೆ. ವೀರನಾದವನು ಮನೆ ಬಿಟ್ಟು ಹೊರಡುವುದು, ದಾರಿಯಲ್ಲಿ ಪಾಡು ಪಡುವುದು, ಮತ್ತೆ ಮನೆಗೆ ಬರುವುದು, ಇದನ್ನು ಭಾಗ್ಯ ಐದು ವರ್ಷ ಓದಿ ದಪ್ಪ ಪುಸ್ತಕ ಬರೆದಳು. ಮನೆ ಬಿಟ್ಟು ಹೋಗಿ ಬರುವುದನ್ನು ಓದಲು ಐದು ವರ್ಷ ಯಾಕೆ ಬೇಕು ಅಂತ ನನಗೆ ತಿಳಿದಿರಲಿಲ್ಲ. ನಮ್ಮ ಕುಲದ ಗಂಡಸರು ಪ್ರತಿ ವರ್ಷ ಮಾಡುತ್ತಿದ್ದದ್ದೇ ಅದು. ನಮ್ಮ ಮೇಲೆ ಯಾರೂ ಕಾವ್ಯ ಕಟ್ಟಲಿಲ್ಲ, ಅಷ್ಟೇ.

ಹೋದ ವರ್ಷ ಆ ದಪ್ಪ ಪುಸ್ತಕ ವಾಪಸು ಬಂತು. ಅವತ್ತು ಭಾಗ್ಯ ರಾಯದುರ್ಗದ ಬಸ್ಸಿಳಿದು ಮನೆಗೆ ಬಂದಾಗ ಅವಳ ಮುಖ ನೋಡುವ ಹಾಗಿರಲಿಲ್ಲ. ಯಾರೂ ಏನೂ ಕೇಳಲಿಲ್ಲ. ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ಕುರಿ ಹೊಡೆದುಕೊಂಡು ಹೋದ ಗಂಡಸು ತಿಂಗಳುಗಟ್ಟಲೆ ಆದಮೇಲೆ ಹೊಸ್ತಿಲಿಗೆ ಬಂದರೆ, ಅವನು ಕಾಲು ತೊಳೆದು, ಉಂಡು, ಕೈ ತೊಳೆಯುವತನಕ ಒಂದು ಪ್ರಶ್ನೆಯನ್ನೂ ಕೇಳಬಾರದು. ಎಷ್ಟು ಕುರಿ ಸತ್ತವು, ಯಾಕೆ ತಡವಾಯಿತು, ಏನೂ ಇಲ್ಲ. ತಟ್ಟೆ ಮುಂದೆ ಕೂತವನನ್ನು ಕೇಳುವುದು ದೊಡ್ಡ ತಪ್ಪು. ಈಗ ಕುರಿ ದೂರದೂರಿಗೆ ಹೋಗುವುದು ನಿಂತಿದೆ, ಪದ್ಧತಿ ಮಾತ್ರ ಉಳಿದಿದೆ. ನಮ್ಮಾಕೆ ಮಾತಾಡದೆ ಮುದ್ದೆ ಇಟ್ಟಳು. ಹುಡುಗಿ ಉಂಡಳು, ಕೈ ತೊಳೆದಳು, ಆಮೇಲೆ ಅತ್ತಳು.

"ಇದೆಲ್ಲ ಬ್ಯಾರೆಯವರ ಪುಸ್ತಕದಾಗ ಐತಿ, ನೀನು ಕಂಡಿದ್ದೇನು ಅಂತ ಕೇಳ್ಯಾರ ತಾತ. ಇನ್ನೊಂದೇ ಸಲ ಅವಕಾಶ. ಅದೂ ತಪ್ಪಿದ್ರ ಮುಗೀತು."

ಆಮೇಲೆ ಖಾಲಿ ತಟ್ಟೆ ನೋಡುತ್ತಾ ಅವಳೇ ಅಂದಳು, "ಅಲ್ಲೂ ಹಿಂಗ ಮಾಡ್ತಿದ್ರು ತಾತ. ಯಾರೋ ಗುರುತಿಲ್ಲದವನು ಬಂದ್ರ ಮೊದಲು ಉಣ್ಣಾಕ ಇಡ್ತಾರ. ಆಮ್ಯಾಲೆ ನೀನ್ಯಾರು, ಎಲ್ಲಿಂದ ಬಂದಿ ಅಂತ ಕೇಳ್ತಾರ."

"ಮತ್ತ? ಹಸಿದಾಂವ ಸರಿಯಾಗಿ ಉತ್ತರ ಹೇಳ್ತಾನೇನು?" ಅಂದೆ.

ಅವತ್ತಿನಿಂದ ದಿನಾ ಸಂಜೆ ಕಟ್ಟೆ ಮೇಲೆ ಕೂತು ಆ ಕಥೆಗಳನ್ನು ನನಗೆ ಹೇಳತೊಡಗಿದಳು. ಅಲ್ಲಿ ಎರಡು ನಮೂನೆ ವೀರರಿದ್ದಾರೆ. ಒಬ್ಬ ಹೆಸರು ಉಳಿಯಬೇಕು ಅಂತ ಸಾಯಲು ಸಿದ್ಧ. ಇನ್ನೊಬ್ಬ ಹೇಗಾದರೂ ಮಾಡಿ ಮನೆ ಸೇರಬೇಕು ಅಂತ ಬದುಕುವವನು. ನಾನು ಎರಡನೆಯವನ ಕಡೆ. ಆ ವೀರರು ಬಾಯಿಬಿಟ್ಟು ಅಳುತ್ತಾರೆ ಅಂದಾಗ ನನಗೆ ಒಂದು ಥರಾ ಸಮಾಧಾನವಾಯಿತು. ಯಾಕೆ ಅಂತ ಮುಂದೆ ಹೇಳುತ್ತೇನೆ. ಎಲ್ಲಕ್ಕಿಂತ ಮನಸ್ಸಿಗೆ ಹಿಡಿದದ್ದು ಇನ್ನೊಂದು ಸಂಗತಿ. ಸಮುದ್ರದಲ್ಲಿ ಅಲೆದ ವೀರ ಯಾರದೋ ಮನೆಯಲ್ಲಿ ಉಂಡು ತನ್ನ ಸಾಹಸವನ್ನು ತಾನೇ ಹೇಳಿಕೊಳ್ಳುತ್ತಾನೆ. ಅಷ್ಟು ಹೊತ್ತಿಗೆ ಅವನ ಜೊತೆಗಾರರೆಲ್ಲ ಸತ್ತಿರುತ್ತಾರೆ. ಹೌದೋ ಅಲ್ಲವೋ ಅಂತ ಹೇಳುವವರು ಒಬ್ಬರೂ ಇಲ್ಲ! ಪುಣ್ಯವಂತ. ನನ್ನ ಜೊತೆಗಾರ ತಿಪ್ಪಯ್ಯ ಹಿಂದಿನ ಬೀದಿಯಲ್ಲೇ ಇದ್ದಾನೆ, ಹಲ್ಲು ಕೂಡ ಅಲುಗಿಲ್ಲ.

ನನಗೂ ಒಂದು ಸಾಹಸವಿದೆ. ಹದಿನೆಂಟನೇ ವಯಸ್ಸಿನಲ್ಲಿ ತಿಪ್ಪಯ್ಯನೂ ನಾನೂ ಕುರಿಮಂದೆ ಹೊಡೆದುಕೊಂಡು ತುಂಗಭದ್ರಾ ಕಾಲುವೆಯ ಕಡೆ ಹೋಗಿದ್ದೆವು. ಕೊಯ್ದ ಗದ್ದೆಯಲ್ಲಿ ಗೊಬ್ಬರಕ್ಕೆ ಕುರಿ ನಿಲ್ಲಿಸಿದರೆ ರೈತರು ಕಾಳು ಕೊಡುತ್ತಿದ್ದರು. ನಾಲ್ಕು ತಿಂಗಳು ಊರಿನ ಮುಖ ಕಾಣಲಿಲ್ಲ. ವಾಪಸು ಬರುವಾಗ ಒಂದು ಸಂಜೆ ಮೂರು ತೋಳ ಮಂದೆಗೆ ನುಗ್ಗಿದವು. ತಿಪ್ಪಯ್ಯ ಜಾಲಿಮರ ಹತ್ತಿ ಅವ್ವಾ ಅಂತ ಅಳುತ್ತಾ ಕೂತ. ನಾನೊಬ್ಬನೇ ದೊಣ್ಣೆ ಹಿಡಿದು ಮೂರನ್ನೂ ಓಡಿಸಿದೆ. ತೋಳದ ಉಗುರು ತಾಗಿದ ಗುರುತು ಈಗಲೂ ತೊಡೆಯ ಮೇಲಿದೆ. ಮದುವೆಯಾದ ಹೊಸದರಲ್ಲಿ ನಮ್ಮಾಕೆಗೆ, ಆಮೇಲೆ ಮಕ್ಕಳಿಗೆ, ಮೊಮ್ಮಗಳಿಗೆ, ಎಲ್ಲರಿಗೂ ಇದನ್ನು ಹೇಳಿದ್ದೇನೆ. ತಿಪ್ಪಯ್ಯ ಎದುರಿಗೆ ಇದ್ದಾಗ ಮಾತ್ರ ಹೇಳುವುದಿಲ್ಲ. ಯಾಕೆಂದರೆ ಮರ ಹತ್ತಿ ಅತ್ತವನು ನಾನು. ಎಣ್ಣೆ ಡಬ್ಬ ಬಡಿದು ಓಡಿಸಿದವನು ಅವನು. ತೊಡೆಯ ಗುರುತು ಜಾಲಿಮುಳ್ಳಿನದು.

ಭಾಗ್ಯ ಒಂದು ದಿನ ಫೋನು ಮುಂದಿಟ್ಟು, "ತಾತ, ನಿನ್ನ ತೋಳದ ಕಥಿ ಇನ್ನೊಂದ್ಸಲ ಹೇಳು" ಅಂದಳು. ಮೊಮ್ಮಗಳು ಕೇಳಿದಳಲ್ಲ ಅಂತ ಉಬ್ಬಿ, ಎಂದೂ ಇಲ್ಲದಷ್ಟು ಚೆನ್ನಾಗಿ ಹೇಳಿದೆ. ಆಮೇಲೆ ತಿಳಿಯಿತು, ಅದನ್ನು ಅಕ್ಷರ ಬಿಡದೆ ದಪ್ಪ ಪುಸ್ತಕಕ್ಕೆ ಸೇರಿಸಿದ್ದಾಳೆ, "ನಾನು ಕಂಡ ವೀರ" ಅಂತ. ಹುಡುಗಿಗೆ ಉಳಿದಿರುವುದು ಒಂದೇ ಅವಕಾಶ, ಅದು ನಿಂತಿರುವುದು ನನ್ನ ಸುಳ್ಳಿನ ಮೇಲೆ. ಹೇಳಬೇಕು ಅಂತ ಎಷ್ಟೋ ಸಲ ಬಾಯಿ ತೆರೆದೆ. "ಏನ್ ತಾತ?" ಅನ್ನುತ್ತಿದ್ದಳು. "ಚಾ ಆತೇನವ್ವ?" ಅನ್ನುತ್ತಿದ್ದೆ. ಹಾಗೆ ಕುಡಿದ ಚಹಕ್ಕೆ ಲೆಕ್ಕವಿಲ್ಲ.

ನಿನ್ನೆ ಪರೀಕ್ಷೆ. ಪರೀಕ್ಷೆ ಮಾಡುವ ದೊಡ್ಡವರೆಲ್ಲ ಅವರವರ ಊರಲ್ಲೇ ಕೂತು ಕಂಪ್ಯೂಟರಿನಲ್ಲಿ ಕೇಳುತ್ತಾರಂತೆ. ನಮ್ಮ ಮನೆಯಲ್ಲಿ ಸಿಗ್ನಲ್ ಬರುವುದು ಮಾಳಿಗೆ ಮೇಲೆ ಮಾತ್ರ. ಅಲ್ಲೇ ನಾಲ್ಕು ಕೋಲು ನೆಟ್ಟು ಕಂಬಳಿ ಕಟ್ಟಿ ನೆರಳು ಮಾಡಿದೆ. ಕುರಿ ಕೂಗದಿರಲಿ ಅಂತ ಮಗ ಬೆಳಿಗ್ಗೆಯೇ ಅವನ್ನು ಹೊಲದ ಕಡೆ ಹೊಡೆದುಕೊಂಡು ಹೋದ. ನಾನು ಮೆಟ್ಟಿಲ ಮೇಲೆ ಕೂತು ಕಿವಿಗೊಟ್ಟಿದ್ದೆ. ಒಂದು ಗಂಟೆ ಏನೇನೋ ನಡೆಯಿತು. ಕೊನೆಗೆ ಒಬ್ಬ ಮೇಡಂ ದನಿ ಕೇಳಿಸಿತು.

"ನಿಮ್ಮ ತಾತ ಹೇಳಿದ್ದು ನಿಜವಾಗಿ ನಡೆದದ್ದು ಅಂತ ಹೇಗೆ ನಂಬ್ತೀರಿ?"

ಭಾಗ್ಯ ಪುಟ ಮಗುಚುವ ಸದ್ದು ಕೇಳಿಸಿತು. ಇನ್ನು ನನ್ನಿಂದ ತಡೆಯಲಾಗಲಿಲ್ಲ. ಮಂಡಿನೋವು ಮರೆತು ಮಾಳಿಗೆ ಹತ್ತಿದೆ. ಕಂಬಳಿ ಸರಿಸಿ ಕಂಪ್ಯೂಟರಿಗೆ ಕೈ ಮುಗಿದೆ. "ಮೇಡಮ್ಮೋರೆ, ತಪ್ಪು ನಂದ್ರಿ, ಹುಡುಗೀದಲ್ಲ. ಮರ ಹತ್ತಿ ಅತ್ತಾಂವ ನಾನ. ತಿಪ್ಪಯ್ಯ ಡಬ್ಬ ಬಡಿದು ಓಡಿಸಿದ. ನನ್ನ ಫೇಲ್ ಮಾಡ್ರಿ, ಆಕೀನ ಬಿಡ್ರಿ."

"ತಾತ," ಅಂದಳು ಭಾಗ್ಯ, ಮೆಲ್ಲಗೆ, "ಮುಂದಿನ ಪುಟದಾಗ ಅದ ಐತಿ. ತಿಪ್ಪಯ್ಯ ತಾತ ಹೇಳಿದ್ದನ್ನೂ ಬರದೀನಿ." ಆಮೇಲೆ ಅವರ ಕಡೆ ತಿರುಗಿದಳು. "ನಾನು ಹೇಳಬೇಕಂತಿದ್ದುದು ಇದೇ ಮೇಡಂ. ವೀರನ ಪ್ರಯಾಣ ಮನೆ ಬಾಗಿಲಿಗೆ ಮುಗಿಯೋದಿಲ್ಲ. ಊಟ ಇಟ್ಟು, ಆಮೇಲೆ ಏನಾಯ್ತು ಅಂತ ಕೇಳುವವರು ಇರ್ತಾರಲ್ಲ, ಅವರ ಮುಂದೆ ಮುಗಿಯುತ್ತೆ. ಅತ್ತವನು ವೀರನಾಗೋದು ಅಲ್ಲೇ. ನಮ್ಮ ಮನೆಯಲ್ಲಿ ನಾನು ಕಂಡಿದ್ದು ಇದು."

ಮೇಡಂ ನಗುತ್ತಿದ್ದರು. "ಮಲ್ಲಪ್ಪನವರೇ, ತೋಳ ಮೂರಿದ್ದವಾ?"

"ಒಂದ್ರಿ. ಅದೂ ತೋಳನೋ ನಾಯಿನೋ ಹೇಳಾಕ ಬರಲ್ರಿ. ನಾನು ಕಣ್ಣು ಮುಚ್ಚಿಕೊಂಡಿದ್ದೆ."

ಹತ್ತು ನಿಮಿಷಕ್ಕೆ ಪಾಸು ಅಂದರು. ನಾನು ಮಾಳಿಗೆಯ ಮೇಲೇ ಅತ್ತುಬಿಟ್ಟೆ, ಗ್ರೀಸ್ ದೇಶದವರ ಹಾಗೆ, ಬಾಯಿಬಿಟ್ಟು.

ಸಂಜೆ ಎಲ್ಲರೂ ಒಟ್ಟಿಗೆ ಕೂತೆವು. ಮುದ್ದೆ, ಬಾಡಿನ ಸಾರು. ಅಗಳಿಯಿಂದ ಮಗಳು ಅಳಿಯ ಬಸ್ಸು ಬದಲಿಸಿಕೊಂಡು ಬಂದಿದ್ದರು. ತಿಪ್ಪಯ್ಯನನ್ನು ನಾನೇ ಹೋಗಿ ಕರೆದು ತಂದು ನನ್ನ ಎದುರಿಗೆ ಕೂರಿಸಿದ್ದೆ. ಅವನ ಮುಂದೆ ಎಲ್ಲರಿಗೂ ನಿಜ ಹೇಳಿಬಿಡಬೇಕು ಅಂತ ತೀರ್ಮಾನ ಮಾಡಿದ್ದೆ. "ಅವತ್ತು ಒಂದು ತೋಳ ಬಂತು" ಅಂತ ಶುರುಮಾಡಿದೆ. "ಒಂದೇ ಒಂದಾ?" ಅಂದ ಅಳಿಯ, ಮುಖ ಸಣ್ಣದು ಮಾಡಿಕೊಂಡು. ಅಷ್ಟು ದೂರದಿಂದ ಬಂದ ಅಳಿಯ, ಪಾಪ. "ಅದರ ಹಿಂದೆ ಇನ್ನೊಂದಿತ್ತು" ಅಂದೆ. ಎರಡನೇ ಮುದ್ದೆ ಮುರಿಯುವ ಹೊತ್ತಿಗೆ ನಾಲ್ಕಾಗಿದ್ದವು, ದೊಣ್ಣೆ ನನ್ನ ಕೈಯಲ್ಲಿತ್ತು. ಭಾಗ್ಯ ಸೆರಗಿನಲ್ಲಿ ನಗು ಮುಚ್ಚಿಕೊಂಡಳು.

ತಿಪ್ಪಯ್ಯ ಉಂಡು ಕೈ ತೊಳೆದು ಬಂದ. ಟವೆಲ್ಲಿನಲ್ಲಿ ಮೀಸೆ ಒರೆಸಿಕೊಂಡು, ನಾನು ಕೈ ತೊಳೆಯಲಿ ಅಂತ ನನ್ನ ತಟ್ಟೆಯನ್ನೇ ನೋಡುತ್ತಾ ಕೂತ. ತಟ್ಟೆಯಲ್ಲಿ ಇನ್ನೊಂದೇ ತುತ್ತು ಉಳಿದಿತ್ತು. ಹೊಟ್ಟೆ ಬಿರಿಯುವ ಹಾಗಾಗಿತ್ತು. ನಾನು ಸೊಸೆಯ ಕಡೆ ತಿರುಗಿದೆ.

"ಸಾವಿತ್ರಿ, ನನಗ ಇನ್ನೊಂದು ಮುದ್ದಿ ಹಾಕವ್ವ."